ಸಕ್ಕರೆಯ ಹಂಗಿಲ್ಲದ ರುಚಿ

ಮಾನ್ಯ ಸಭಿಕರೇ,

ನೀರು ಕುಡಿಯಿರಿ ಎಂದು ಯಾರಿಗೂ ಉಪದೇಶಿಸಬೇಕಾಗಿಲ್ಲ. ಬಾಯಾರಿಕೆಯೇ ಆ ಕೆಲಸ ಮಾಡುತ್ತದೆ. ಆದರೆ ಬಾಯಾರಿದವರು ನೀರಿನ ಲೋಟವನ್ನು ಬದಿಗೆ ಸರಿಸಿ ಸಿಹಿ ಪಾನೀಯದತ್ತ ಕೈಚಾಚಿದಾಗ, ಅವರಿಗೆ ಬೇಕಾಗಿರುವುದು ಸಕ್ಕರೆಯೇ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಅರ್ಧ ಮಾತ್ರ ಸರಿಯೆಂದು ನಾನು ನಂಬಿದ್ದೇನೆ. ಪಾನೀಯವೊಂದು ಹಿತವೆನಿಸುವುದರಲ್ಲಿ ಪರಿಮಳ, ತಂಪು, ಹುಳಿ, ಒಗರು, ನಾಲಿಗೆಯನ್ನು ಚುರುಗುಟ್ಟಿಸುವ ಗುಳ್ಳೆ ಇವೆಲ್ಲಕ್ಕೂ ಪಾಲಿದೆ; ಇವುಗಳನ್ನು ಹದವಾಗಿ ಕೂಡಿಸಲು ಕಲಿತರೆ ಸಕ್ಕರೆಯ ಅಗತ್ಯ ತಾನಾಗಿ ತಗ್ಗುತ್ತದೆ.

ಮೊದಲು ಒಂದು ಲೆಕ್ಕ. ಆಹಾರ ಪಾನೀಯಗಳಿಗೆ ಬೆರೆಸಿದ ಸಕ್ಕರೆಯಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ದಿನಕ್ಕೆ 2,000 ಕಿಲೋಕ್ಯಾಲೊರಿ ಸೇವಿಸುವವರಿಗೆ ಇದು ಕ್ರಮವಾಗಿ ಸುಮಾರು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. 330 ಮಿಲಿಲೀಟರಿನ ಒಂದು ಸಾಮಾನ್ಯ ಕೋಲಾ ಡಬ್ಬಿಯಲ್ಲೇ ಸುಮಾರು 35 ಗ್ರಾಂ ಸಕ್ಕರೆಯಿರುತ್ತದೆ. ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕದೊಳಗೇ ಬರುತ್ತದೆ. ಇಡಿಯಾಗಿ ತಿಂದ ಹಣ್ಣಿನದು ಬರುವುದಿಲ್ಲ. ಆದ್ದರಿಂದ ಹಣ್ಣನ್ನು ಹಿಂಡುವುದಕ್ಕಿಂತ ಅದರ ಹೋಳುಗಳನ್ನು ತಣ್ಣೀರಿನಲ್ಲಿ ನೆನೆಸಿ, ನೀರಿಗೆ ಅದರ ಪರಿಮಳವನ್ನಷ್ಟೇ ಕೊಡುವುದು ಜಾಣತನ.

ನಾವು ರುಚಿಯೆಂದು ಕರೆಯುವುದರ ದೊಡ್ಡ ಭಾಗ ವಾಸನೆಯೇ ಆಗಿದೆ. ನುಂಗುವಾಗ ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ಆವಿಯೇ ನಿಂಬೆಯನ್ನು ನಿಂಬೆಯೆಂದು ಗುರುತಿಸಿಕೊಡುತ್ತದೆ. ನೆಗಡಿಯಾದಾಗ ಎಲ್ಲವೂ ಸಪ್ಪೆಯೆನಿಸುವುದು ಇದರಿಂದಲೇ. ನಿಂಬೆಯ ಪರಿಮಳದ ಎಣ್ಣೆ ಇರುವುದು ಸಿಪ್ಪೆಯ ಹೊರಪದರದಲ್ಲಿ. ಬಿಳಿಯ ಕಹಿ ಭಾಗವನ್ನು ಬಿಟ್ಟು ತೆಳುವಾಗಿ ಹೆರೆದ ಸಿಪ್ಪೆಯ ಚೂರೊಂದನ್ನು ಲೋಟದ ಮೇಲೆ ಹಿಸುಕಿ ನೀರಿಗೆ ಹಾಕಿ ನೋಡಿ: ಹುಳಿಯಿಲ್ಲದ, ಆದರೆ ನಿಂಬೆಯೇ ತುಂಬಿದಂತಿರುವ ನೀರು ಸಿದ್ಧವಾಗುತ್ತದೆ. ಹುಳಿ ಪಾನೀಯವನ್ನು ದಿನವಿಡೀ ಗುಟುಕುಗುಟುಕಾಗಿ ಕುಡಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಸವೆಯುತ್ತದೆಯಾದ್ದರಿಂದ, ಸಿಪ್ಪೆಯ ಈ ಉಪಾಯವನ್ನು ನಾನು ಒತ್ತಿ ಹೇಳುತ್ತೇನೆ.

ಪುದೀನದ ತಂಪು ಇನ್ನೂ ಸೋಜಿಗದ್ದು. ಅದರಲ್ಲಿರುವ ಮೆಂಥಾಲ್, ನಮ್ಮ ನರಗಳಲ್ಲಿ ತಣ್ಣಗಿರುವುದನ್ನು ಗ್ರಹಿಸುವ ಪ್ರೋಟೀನನ್ನೇ ಕೆರಳಿಸುತ್ತದೆ. ಹಾಗಾಗಿ ನೀರು ಇರುವುದಕ್ಕಿಂತ ತಣ್ಣಗೆ ತೋರುತ್ತದೆ. ಈ ಪ್ರೋಟೀನನ್ನು ಬೇರೆಬೇರೆಯಾಗಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರು, ಉಷ್ಣ ಮತ್ತು ಸ್ಪರ್ಶದ ಗ್ರಹಿಕೆಯ ಸಂಶೋಧನೆಗಾಗಿ 2021ರ ನೊಬೆಲ್ ಪ್ರಶಸ್ತಿ ಪಡೆದರು. ಎಲೆಯನ್ನು ಅರೆಯಬೇಕಾಗಿಲ್ಲ, ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿದರೆ ಸಾಕು.

ಗುಳ್ಳೆಯ ನೀರಿನ ಕತೆ ಆರಂಭವಾಗುವುದು 1767ರಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ವಾಸವಾಗಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಯಿಂದ ಏಳುವ ಅನಿಲವನ್ನು, ಅಂದರೆ ಇಂಗಾಲದ ಡೈಆಕ್ಸೈಡನ್ನು, ನೀರಿಗೆ ಸೇರಿಸಿದರು; ನೀರಿಗೆ ಈ ಅನಿಲ ಬೆರೆಸುವ ವಿಧಾನವೊಂದನ್ನು 1772ರಲ್ಲಿ ಪ್ರಕಟಿಸಿದರು. ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಕರಗುವುದರಿಂದ ಸೋಡಾವನ್ನು ಚೆನ್ನಾಗಿ ತಂಪಾಗಿಸಿದ ಮೇಲೆಯೇ ತೆರೆಯಬೇಕು.

ಮದ್ಯ ಸೇವಿಸದವರಿಗೆ ಔತಣಗಳಲ್ಲಿ ಮಕ್ಕಳಿಗೆ ಕೊಡುವಂತೆ ಸಿಹಿರಸವನ್ನಷ್ಟೇ ಕೊಡುವ ರೂಢಿ ನನಗೆ ಬೇಸರ ತರುತ್ತದೆ. ಅವರ ಲೋಟಕ್ಕೂ ಕಹಿ, ಒಗರು, ಖಾರಗಳ ಗಾಂಭೀರ್ಯ ಸಲ್ಲಬೇಕು. ಚಹಾದ ಎಲೆಯನ್ನು ಬಿಸಿನೀರಿಗೆ ಹಾಕದೆ, ತಣ್ಣೀರಿನಲ್ಲಿ ನೆನೆಸಿ ಆರೇಳು ಗಂಟೆ ಫ್ರಿಜ್ಜಿನಲ್ಲಿಟ್ಟು ಸೋಸಿದರೆ, ಕಹಿ ಕಡಿಮೆಯಾಗಿ ಮೃದುವಾದ ಒಗರು ಉಳಿಯುತ್ತದೆ. ಅದಕ್ಕೆ ಜಜ್ಜಿದ ಶುಂಠಿಯ ರಸ ಕೆಲವು ಹನಿ, ಕಿತ್ತಳೆಯ ಸಿಪ್ಪೆ, ಮೇಲೆ ಅರ್ಧದಷ್ಟು ಸೋಡಾ. ಕಹಿ ಹೆಚ್ಚೆನಿಸಿದರೆ ಸಕ್ಕರೆಗೆ ಕೈಹಾಕುವ ಮೊದಲು ಚಿಟಿಕೆಗಿಂತ ಕಡಿಮೆ ಉಪ್ಪನ್ನು ಹಾಕಿ; ಉಪ್ಪು ಕಹಿಯನ್ನು ಅಡಗಿಸುತ್ತದೆ. ಅತಿಥಿಗಳು ಬಂದ ಮೇಲಷ್ಟೇ ಸೋಡಾ ಬೆರೆಸಿ, ಉಳಿದ ಪಾನೀಯವನ್ನು ಬೇಕಾದವರಿಗೆ ಸೋಡಾ ಇಲ್ಲದೆಯೂ ಬಡಿಸಿ.