ಕಟ್ಟದ ತಂತಿಯ ಗಾಂಧಾರ

[ಕಪ್ಪು ಪರದೆ. ತಂಬೂರಿಯ ನಾದ ಮಾತ್ರ, ಹತ್ತು ಸೆಕೆಂಡ್.]

ಈ ನಾದ ಕೇಳಿದ ತಕ್ಷಣ ಏನನ್ನಿಸಿತು? ಕಛೇರಿ ಇನ್ನೂ ಶುರುವಾಗಿಲ್ಲ ಅಂತ ತಾನೇ? ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಅವರು ಶ್ರುತಿ ಸೇರಿಸುತ್ತಿದ್ದರೆ ನಾನು ಪಕ್ಕದವರ ಜೊತೆ ಹರಟುತ್ತಿದ್ದೆ. ಇವತ್ತು ಅದಕ್ಕೆ ಪ್ರಾಯಶ್ಚಿತ್ತ. ಹಾಡು ಬೇಡ, ಬರೀ ತಂಬೂರಿ ಕೇಳೋಣ.

[ಹತ್ತಿರದಿಂದ: ನಾಲ್ಕು ತಂತಿಗಳು]

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪ. ನಡುವಿನ ಎರಡೂ ಸ. ಕೊನೆಯದು ಕೆಳಗಿನ ಸ, ಅಂದರೆ ಮಂದ್ರ. ಪ ಇಲ್ಲದ ರಾಗವಾದರೆ ಹಿಂದೂಸ್ತಾನಿಯವರು ಮೊದಲ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ಸೇರಿಸುತ್ತಾರೆ. ಅಷ್ಟೇ. ವೀಣೆಗಿರುವ ಮೆಟ್ಟುಗಳೂ ಇದಕ್ಕಿಲ್ಲ.

ಈಗ ಮಂದ್ರದ ತಂತಿ ಒಂದನ್ನೇ ಮೀಟುತ್ತೇನೆ.

[ಮೀಟು. ನಾದ ಪೂರ್ತಿ ಆರುವವರೆಗೆ ಮಾತಿಲ್ಲ.]

ಸ ಬಿಟ್ಟು ಬೇರೆ ಏನಾದರೂ ಕೇಳಿಸಿತಾ? ಇನ್ನೊಂದು ಸಲ.

[ಮತ್ತೆ ಮೀಟು.]

ಮೇಲೆಲ್ಲೋ ಸಣ್ಣಗೆ ಒಂದು ಗ ಹಾಡುತ್ತಿದೆ, ಅಲ್ವಾ? ಅಂತರ ಗಾಂಧಾರ. ಆ ಸ್ವರಕ್ಕೆ ಅಂತ ನಾವು ತಂತಿಯನ್ನೇ ಕಟ್ಟಿಲ್ಲ!

ತಂತಿ ಇಡಿಯಾಗಿ ಅದುರುತ್ತದೆ. ಅದೇ ಹೊತ್ತಿಗೆ ಎರಡು ಪಾಲಾಗಿ, ಮೂರು ಪಾಲಾಗಿ, ಐದು ಪಾಲಾಗಿಯೂ ಅದುರುತ್ತಿರುತ್ತದೆ. ಎರಡು ಪಾಲಿನದು ಮೇಲಿನ ಸ. ಮೂರರದು ಪ. ಐದರದು ಆ ಗ. ಗಿಟಾರಿನ ತಂತಿಯಲ್ಲೂ ಇವೆಲ್ಲ ಹುಟ್ಟುತ್ತವೆ, ಆದರೆ ಬೇಗ ಮಂಕಾಗುತ್ತವೆ. ತಂಬೂರಿಯಲ್ಲಿ ಮಾತ್ರ ಒಂದಾದ ಮೇಲೆ ಒಂದು ಅರಳುತ್ತಾ ಹೋಗುತ್ತವೆ.

[ಹತ್ತಿರದಿಂದ: ಕುದುರೆ, ದಾರ]

ಗುಟ್ಟು ಇಲ್ಲಿದೆ. ತಂತಿಗಳು ಕೂತಿರುವ ಈ ತುಂಡು ಕುದುರೆ. ಅಗಲವಾಗಿದೆ, ಬೆನ್ನು ಕಂಡೂ ಕಾಣದಷ್ಟು ಬಾಗಿದೆ. ತಂತಿಯ ಕೆಳಗೆ ಒಂದು ಎಳೆ ದಾರ ಸಿಕ್ಕಿಸಿದೆ ನೋಡಿ. ಇದಕ್ಕೆ ಜೀವಾಳ ಅನ್ನುತ್ತಾರೆ. ಎಂಥ ಹೆಸರು! ತಂತಿ ಅದುರುವಾಗೆಲ್ಲ ಕುದುರೆಯ ಬೆನ್ನನ್ನು ಸವರುತ್ತದೆ. ಸವರಿದಾಗೆಲ್ಲ ಕೆಳಗಿನ ಸ್ವರದ ಕಸುವು ಸ್ವಲ್ಪ ಸ್ವಲ್ಪವೇ ಮೇಲಿನ ಸ್ವರಗಳಿಗೆ ಹೋಗುತ್ತದೆ.

[ದಾರ ತೆಗೆದು ಮೀಟು. ಆಮೇಲೆ ದಾರ ಇಟ್ಟು, ಸರಿಸುತ್ತಾ ಮೀಟು.]

ದಾರ ಇಲ್ಲದಿದ್ದರೆ ಇಷ್ಟೇ, ಸಪ್ಪೆ. ಈಗ ಹಾಕಿದೆ. ಇನ್ನೂ ಬಂದಿಲ್ಲ... ಸ್ವಲ್ಪ ಈ ಕಡೆ... ಹಾಂ, ಬಂತು! ಜೀಂ! ಕೂದಲೆಳೆಯಷ್ಟು ಸರಿದರೂ ಮತ್ತೆ ಹೋಗುತ್ತದೆ.

ಸಿ.ವಿ. ರಾಮನ್ ಕೂಡ ಇದರ ಹಿಂದೆ ಬಿದ್ದಿದ್ದರು. ತಂತಿಯನ್ನು ಸರಿಯಾಗಿ ನಟ್ಟನಡುವೆ ಮೀಟಿದರೆ ಎರಡು ಪಾಲಿನ ಸ್ವರ ಹುಟ್ಟಲೇಬಾರದು. ಯುರೋಪಿನ ವಿಜ್ಞಾನಿಗಳ ನಿಯಮ ಹಾಗೆ. ವೀಣೆ, ತಂಬೂರಿ ಆ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಕುದುರೆಯೇ ಕಾರಣ ಅಂತ ರಾಮನ್ 1921ರಲ್ಲಿ ಬರೆದರು. ನೊಬೆಲ್ ಬಂದಿದ್ದು ಅದಾಗಿ 9 ವರ್ಷಕ್ಕೆ, ಬೇರೆ ಕೆಲಸಕ್ಕೆ.

ರಾಕ್ ಬಿಟ್ಟು ಬೇರೇನೂ ಕೇಳದ ಗೆಳೆಯರಿದ್ದರೆ ಅವರಿಗೂ ಒಂದು ಸುದ್ದಿ. ಬೀಟಲ್ಸ್ 1966ರಲ್ಲಿ ತಂದ ‘ರಿವಾಲ್ವರ್’ ಆಲ್ಬಮ್‌ನ ಕೊನೆಯ ಹಾಡು ಶುರುವಾಗುವುದೇ ತಂಬೂರಿಯಿಂದ. ನಮ್ಮ ನೀಲಗಾರರು ಮಂಟೇಸ್ವಾಮಿ ಕತೆ ಹಾಡುವಾಗ ಹೆಗಲ ಮೇಲಿರುವುದೂ ತಂಬೂರಿಯೇ. ಶಿಶುನಾಳ ಶರೀಫರಂತೂ ಸ್ವರ ಬಾರದೆ ಸುಮ್ನೆ ಬಾರಿಸುವವನನ್ನು ಬೈದು ಒಂದು ಪದವನ್ನೇ ಕಟ್ಟಿದ್ದಾರೆ. ಅಭ್ಯಾಸ ಮಾಡುವಾಗ ನನಗೆ ಆ ಬೈಗುಳ ಜಾಸ್ತಿ ನೆನಪಾಗುತ್ತದೆ.

ಈಗ ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರ ಹಿಡಿಯಲು ಆಗುವುದಿಲ್ಲ. ಇನ್ನು ಒಂದು ನಿಮಿಷ ನಾನು ಬಾಯಿ ಬಿಡುವುದಿಲ್ಲ. ಮೊದಲು ಪ ಹುಡುಕಿ, ಆಮೇಲೆ ಗ. ಗ ಎಷ್ಟನೇ ಸೆಕೆಂಡಿಗೆ ಸಿಕ್ಕಿತು ಅಂತ ಕೆಳಗೆ ಬರೆಯಿರಿ.

[ತಂಬೂರಿ. ಒಂದು ನಿಮಿಷ.]