ಗಿಟ್ ಕೊಡುವ ಸಂಖ್ಯೆಯನ್ನು ನೋಡಿ ಸ್ವಾಮಿ!

ನಮಸ್ಕಾರ. ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಅನ್ನು ನಿಮ್ಮ ಪ್ರೋಗ್ರಾಂ ಓಡಿಸಿದರೆ, ಕೆಲಸ ಆಯಿತೇ ಎಂದು ತಿಳಿಯಲು ಅದು ಮುಗಿಯುವಾಗ ಕೊಡುವ ಸಂಖ್ಯೆಯನ್ನು, ಅಂದರೆ ಎಕ್ಸಿಟ್ ಕೋಡನ್ನು ನೋಡಬೇಕು, 0 ಎಂದರೆ ಯಶಸ್ಸು ಎಂಬುದು ನನ್ನ ವಾದ. ಹಿಂದಿನ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: 'ಸ್ಟ್ಯಾಂಡರ್ಡ್ ಎರರ್‌ನಲ್ಲಿ, ಅಂದರೆ ದೂರು ಬರೆಯುವ ದಾರಿಯಲ್ಲಿ, ಏನಾದರೂ ಬಂದರೆ ಗಿಟ್ ಕಮಾಂಡ್ ವಿಫಲವಾಗಿದೆ ಎಂದರ್ಥ. ಇಷ್ಟಕ್ಕೆ ಒಂದು ವಿಡಿಯೊ ಬೇಕಿತ್ತೇ?' ಬೇಕಿತ್ತು ಸ್ವಾಮಿ. ನಿಮ್ಮ ದಯದಿಂದ ಇಂದು ಎರಡನೆಯದು.

ಬ್ರಾಂಚ್, ಅಂದರೆ ಕೋಡ್‌ನ ಕವಲು, ಬದಲಿಸಿ ನೋಡಿ. 'ಸ್ವಿಚ್ಡ್ ಟು ಬ್ರಾಂಚ್' ಎಂಬ ಸಾಲು ಬರುವುದು ಸ್ಟ್ಯಾಂಡರ್ಡ್ ಎರರ್‌ನಲ್ಲೇ. ಕೆಲಸ ಆಗಿದೆ, ಎಕ್ಸಿಟ್ ಕೋಡ್ 0. ನಿಮ್ಮ ಪ್ರೋಗ್ರಾಂ ಮಾತ್ರ ಬೆಂಕಿ ಬಿದ್ದಂತೆ ಕೂಗುತ್ತದೆ. ಈಗ ಬದಲಾವಣೆಯೇ ಇಲ್ಲದ ಕಡೆ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ದಾಖಲಿಸಲು ಹೇಳಿ. 'ನಥಿಂಗ್ ಟು ಕಮಿಟ್' ಎಂಬುದು ಸಾಮಾನ್ಯ ಉತ್ತರದ ದಾರಿಯಾದ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುತ್ತದೆ, ಎರರ್ ಕಡೆ ಖಾಲಿ, ಕೋಡ್ 1. ಕಮಿಟ್ ಆಗಲಿಲ್ಲ, ನೀವು ಆಯಿತೆಂದು ಬರೆದುಕೊಂಡಿರಿ! ಸಂಖ್ಯೆಯನ್ನು ನೋಡಿ ಎಂದರೆ ಇದಕ್ಕೇ.

ನಾನೇನು ಸಾಚಾ ಅಲ್ಲ. ಬೇರೆ ಪ್ರೋಗ್ರಾಂ ಓಡಿಸುವ ಪೈಥಾನ್‌ನ ಸಬ್‌ಪ್ರೊಸೆಸ್ ರನ್‌ಗೆ 'ಚೆಕ್' ಎಂಬುದನ್ನು ಟ್ರೂ ಮಾಡದಿದ್ದರೆ ಅದು ವೈಫಲ್ಯವನ್ನು ನುಂಗಿಕೊಂಡು ಸುಮ್ಮನಿರುತ್ತದೆ. ನಾನು ಮಾಡಿರಲಿಲ್ಲ. ಒಂದು ರಾತ್ರಿ ಹೊಸ ಕೋಡ್ ತರಬೇಕಾದ ಫೆಚ್ 128 ಕೊಟ್ಟು ಸತ್ತಿತು. ನನ್ನ ಸ್ಕ್ರಿಪ್ಟ್ ಹಳೆಯ ಕೋಡನ್ನೇ ಬಿಲ್ಡ್ ಮಾಡಿ 'ಯಶಸ್ವಿ' ಎಂದು ಹಸಿರು ಅಕ್ಷರದಲ್ಲಿ ಬರೆಯಿತು. ಆ ಹಸಿರು ಬಣ್ಣವನ್ನು ಆರಿಸಿದವನೂ ನಾನೇ.

'ಗಿಟ್‌ನ ಸಂದೇಶದಲ್ಲಿ ಫೇಟಲ್ ಎಂಬ ಪದವನ್ನು ಹುಡುಕಿದರೆ ಸಾಲದೇ?' ಸಾಲದು. ಬಳಸುವವರ ಯಂತ್ರ ಜರ್ಮನ್‌ನಲ್ಲಿದ್ದರೆ ಗಿಟ್ ಜರ್ಮನ್‌ನಲ್ಲಿ ಗೊಣಗುತ್ತದೆ. ಭಾಷೆಯನ್ನು ನಿರ್ಧರಿಸುವ ಎಲ್‌ಸಿ ಆಲ್ ಅನ್ನು ಸಿ ಎಂದಿಟ್ಟು ಇಂಗ್ಲಿಷ್‌ಗೆ ಕಟ್ಟಿಹಾಕಬಹುದು, ಸರಿ. ನಾಳೆ ಹೊಸ ಆವೃತ್ತಿಯಲ್ಲಿ ವಾಕ್ಯವೇ ಬದಲಾದರೆ? ಸಂದೇಶ ಮನುಷ್ಯರಿಗೆ, ಸಂಖ್ಯೆ ಪ್ರೋಗ್ರಾಂಗೆ!

'ಆದರೆ 1 ಎಲ್ಲ ಕಡೆ ತಪ್ಪಲ್ಲವಲ್ಲ' ಎನ್ನುವ ಜಾಣರೂ ಇದ್ದಾರೆ. ಹೌದು, 'ಡಿಫ್ ಕ್ವಾಯೆಟ್' 1 ಕೊಟ್ಟರೆ ವ್ಯತ್ಯಾಸ ಇದೆ ಎಂದಷ್ಟೇ ಅರ್ಥ. ಮರ್ಜ್-ಬೇಸ್‌ಗೆ 'ಈ ಕಮಿಟ್ ಆ ಕಮಿಟ್‌ನ ಪೂರ್ವಜನೇ' ಎಂದು ಕೇಳಿದರೆ 1 ಎಂದರೆ ಅಲ್ಲ, 128 ಎಂದರೆ ಅಂಥ ಕಮಿಟ್ಟೇ ಇಲ್ಲ. ಎರಡೂ ಬೇರೆ ಬೇರೆ ಎಂದು ನಿಮಗೆ ಹೇಳಿದ್ದು ಯಾರು? ಸಂಖ್ಯೆ! ನನ್ನ ಪರವಾಗಿಯೇ ವಾದಿಸಿದ್ದಕ್ಕೆ ಧನ್ಯವಾದ.

ಇನ್ನೇನು ಕಾರಣ ಬೇಕು? ನನ್ನ ಟಿಪ್ಪಣಿಯ ಹಾಳೆ ಮುಗಿದಿದೆ, ಸಿಟ್ಟು ಮುಗಿದಿಲ್ಲ. ಸಂಖ್ಯೆಯನ್ನು ನೋಡಿ. ನೋಡಿದ ಮೇಲೆ ಚಂದಾದಾರರ ಸಂಖ್ಯೆಯನ್ನೂ ನೋಡಿ, ಅದೂ ಸೊನ್ನೆಯ ಆಸುಪಾಸಿನಲ್ಲಿದೆ, ಅಲ್ಲಿ ಮಾತ್ರ ಸೊನ್ನೆ ಯಶಸ್ಸಲ್ಲ. ಮುಂದಿನ ವಾರ, ಇನ್ನೊಂದು ಗಿಟ್ ಕೆಲಸ ನಡೆದಿರಬಹುದು ಎಂದು ಸೂಚಿಸುವ 'ಇಂಡೆಕ್ಸ್ ಲಾಕ್' ಕಡತ ಕಂಡೊಡನೆ ಅಳಿಸಿಹಾಕುವವರ ಸರದಿ. ಕಮೆಂಟ್ ಬರೆದ ಮಹಾನುಭಾವರೇ, ನೀವೂ ಬನ್ನಿ.