ಮುಧೋಳ ಮರಿಯನ್ನು ಮನೆಯ ನಾಯಿಯಾಗಿ ಬೆಳೆಸುವ ಬಗೆ

ಎಲ್ಲರಿಗೂ ನಮಸ್ಕಾರ.

ಮುಧೋಳ ನಮ್ಮ ಬಾಗಲಕೋಟೆ ಕಡೆಯ ಬೇಟೆನಾಯಿ ತಳಿ. 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಇದನ್ನು ಪಳಗಿಸಿದೆ. ಹೆಸರಾದಂತೆ ಮರಿಗಳು ಹೊಲಮನೆ ಬಿಟ್ಟು ಬೆಂಗಳೂರಿನ ಫ್ಲ್ಯಾಟುಗಳಿಗೂ ಹೋಗುತ್ತಿವೆ. ವರ್ಷದೊಳಗೆ ಎರಡು ದೂರು ಹುಟ್ಟುತ್ತವೆ. ಹೊಸಬರನ್ನು ಕಂಡರೆ ಮೂಲೆ ಸೇರುತ್ತದೆ ಅಥವಾ ಗುರುಗುಟ್ಟುತ್ತದೆ ಅನ್ನುವುದು ಒಂದು. ಬಿಟ್ಟರೆ ಓಡುತ್ತದೆ, ಕರೆದರೆ ಬರುವುದಿಲ್ಲ ಅನ್ನುವುದು ಇನ್ನೊಂದು. ಎರಡಕ್ಕೂ ನಾಯಿಯನ್ನು ಬೈಯುವುದು ಅನ್ಯಾಯ. ಮೊದಲನೆಯದು ಮರಿಯಿದ್ದಾಗ ನಾವು ಮಾಡದೆ ಬಿಟ್ಟ ಕೆಲಸ, ಎರಡನೆಯದು ಅದರ ಹುಟ್ಟುಗುಣ ನಮಗೆ ತಿಳಿಯದ್ದು.

ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಗ ಕಾಣದೆ ಉಳಿದದ್ದಕ್ಕೆ ಮುಂದೆ ಹೆದರುವ ಸಂಭವ ಹೆಚ್ಚು. ಗೊತ್ತಿಲ್ಲದವರ ಕೈ ಮೈಮೇಲೆ ಬೀಳುವುದು ಮುಧೋಳಕ್ಕೆ ಮೊದಲೇ ಇಷ್ಟವಿಲ್ಲ, ಹಾಗಾಗಿ ಈ ತಳಿಯಲ್ಲಿ ಕೊರತೆ ಬೇಗ ಎದ್ದು ಕಾಣುತ್ತದೆ. 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಜೊತೆ ಮರಿಗಳೊಡನೆ ಆಡುತ್ತಲೇ ಕಲಿಯುವುದು.

ಇಲ್ಲೊಂದು ತೊಡಕಿದೆ. ಮರಿಯ ಲಸಿಕೆಗಳ ಸರಣಿ ಮುಗಿಯುವ ಹೊತ್ತಿಗೆ ಸುಮಾರು 16 ವಾರವಾಗುತ್ತದೆ. ಅಲ್ಲಿಯತನಕ ಮನೆಯೊಳಗೇ ಇಟ್ಟರೆ ಪಾರ್ವೊ ರೋಗದ (ನೆಲದಿಂದಲೂ ತಗಲುವ, ಮರಿಯ ಜೀವ ತೆಗೆಯಬಲ್ಲ ವಾಂತಿಭೇದಿ) ಭಯ ಕಡಿಮೆ, ಆದರೆ ಕಲಿಯುವ ಕಾಲವೇ ಕಳೆದುಹೋಗುತ್ತದೆ. ಆದ್ದರಿಂದ ನೆಲಕ್ಕಿಳಿಸದೆ ಎತ್ತಿಕೊಂಡು ಹೋಗಿ. ಸಂತೆಯ ಅಂಚು, ಬಸ್‌ಸ್ಟ್ಯಾಂಡು, ಶಾಲೆ ಬಿಡುವ ಹೊತ್ತು, ಟ್ರ್ಯಾಕ್ಟರು, ಹೆಲ್ಮೆಟ್ ಹಾಕಿದವರು, ರುಮಾಲು ಸುತ್ತಿದವರು, ಕೊಡೆ ಹಿಡಿದವರು, ಎಲ್ಲವನ್ನೂ ದೂರದಿಂದ ತೋರಿಸಿ. ಒಂದು ಸಲಕ್ಕೆ 10 ನಿಮಿಷ ಸಾಕು. ಕೈಲಿರುವ ತಿನಿಸನ್ನು ಮರಿ ತಿನ್ನುತ್ತಿದ್ದರೆ ದೂರ ಸರಿಯಾಗಿದೆ. ತಿನ್ನಲು ಒಲ್ಲೆ ಎಂದರೆ ತೀರಾ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ.

ಮನೆಗೆ ಬಂದ ನೆಂಟರ ಕೈಗೆ ಮರಿಯನ್ನು ದಾಟಿಸಬೇಡಿ. ಅವರು ನೆಲದ ಮೇಲೆ ಓರೆಯಾಗಿ ಕೂತು, ದಿಟ್ಟಿಸದೆ, ಬೇಯಿಸಿದ ಕೋಳಿಯ ಸಣ್ಣ ತುಣುಕನ್ನು ಪಕ್ಕದಲ್ಲಿಡಲಿ. ಮರಿ ತಾನಾಗಿ ಬರಲಿ. ಮನೆಯವರು ಮಾತ್ರ ದಿನಾ ಅದರ ಪಂಜ, ಕಿವಿ, ತುಟಿ ಮುಟ್ಟಿ ನೋಡಿ ತಿನಿಸು ಕೊಡಬೇಕು. ಮುಂದೆ ಉಗುರು ಕತ್ತರಿಸುವಾಗ, ಡಾಕ್ಟರ ಬಳಿ ಹೋದಾಗ ಇದರ ಬೆಲೆ ತಿಳಿಯುತ್ತದೆ. ಗುರುಗುಟ್ಟಿದರೆ ಹೊಡೆಯಲೇಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಹೊಡೆದರೆ ಭಯ ಉಳಿಯುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. ಅಂಥ ನಾಯಿ ಮುಂದೆ ಸದ್ದಿಲ್ಲದೆ ಕಚ್ಚುತ್ತದೆ.

ಮನೆಯಲ್ಲಿ ಗಲೀಜು ಮಾಡದಂತೆ ಕಲಿಸುವುದು ಕಷ್ಟವಲ್ಲ. ಎದ್ದ ಕೂಡಲೇ, ಉಂಡ 10–15 ನಿಮಿಷದೊಳಗೆ, ಆಡಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ಯಿರಿ, ಮುಗಿಸಿದ ತಕ್ಷಣ ಅಲ್ಲೇ ತಿನಿಸು ಕೊಡಿ. ಒಳಗೆ ಮಾಡಿದ್ದರೆ ಸುಮ್ಮನೆ ಒರೆಸಿ. ಮೂತಿ ತಿಕ್ಕಿದರೆ ನಿಮ್ಮ ಕಣ್ಣು ತಪ್ಪಿಸಿ ಮಾಡುವುದನ್ನಷ್ಟೇ ಅದು ಕಲಿಯುತ್ತದೆ.

ಮೈಕಟ್ಟಿನ ಬಗ್ಗೆಯೂ ಹೇಳಬೇಕು. ಪಕ್ಕೆಲುಬು ಕಾಣುತ್ತದೆಂದು ಅಕ್ಕಪಕ್ಕದವರು ಮರುಗುತ್ತಾರೆ, ಮನೆಯವರು ಅನ್ನ ಹೆಚ್ಚಿಸುತ್ತಾರೆ. ಕಡೆಯ 2–3 ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ. ಬೆನ್ನುಮೂಳೆ, ಸೊಂಟದ ಮೂಳೆ ಚುಚ್ಚುವಂತೆ ಎದ್ದಿದ್ದರೆ ಮಾತ್ರ ಚಿಂತಿಸಿ. ಹಾಲು-ರೊಟ್ಟಿಯಷ್ಟರಿಂದಲೇ ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನು ಸಿಗದು, ಮೊಟ್ಟೆ ಅಥವಾ ಮಾಂಸ ಬೇಕು. ವರ್ಷ ತುಂಬುವ ಮೊದಲು ಬೈಕಿನ ಹಿಂದೆ ಓಡಿಸುವ ಚಟವನ್ನು ದಯವಿಟ್ಟು ಬಿಡಿ. ಕಾಲಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ.

ಇನ್ನು ಓಡಿಹೋಗುವ ಮಾತು. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕು ಅಲುಗಿದರೆ ಸಾಕು, ನಿಮ್ಮ ಕೂಗು ಕಿವಿಗೆ ಬೀಳುವ ಮೊದಲೇ ಕಾಲು ಕಿತ್ತಿರುತ್ತದೆ. ಬೇಲಿಯಿಲ್ಲದ ಕಡೆ ಬಿಡಲೇಬೇಡಿ. ಬೇಲಿಯೂ 5–6 ಅಡಿ ಇರಲಿ. ತಲೆ ಸಪೂರ, ಕತ್ತು ದಪ್ಪ, ಹಾಗಾಗಿ ಸಾಮಾನ್ಯ ಕೊರಳಪಟ್ಟಿಯಿಂದ ಹಿಂದಕ್ಕೆ ಜಗ್ಗಿ ನುಣುಚಿಕೊಳ್ಳುತ್ತದೆ. ಎಳೆದಾಗ ಮಿತಿಯಾಗಿ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಪಟ್ಟಿ ತನ್ನಿ.

ಕರೆದರೆ ಬರುವುದನ್ನು ಮನೆಯೊಳಗೆ, ಹಸಿದ ಹೊತ್ತಿನಲ್ಲಿ ಆರಂಭಿಸಿ. ಹೆಸರಿನ ಬದಲು ಸೀಟಿ ಬಳಸಿ. ದಿನವಿಡೀ ಕೂಗುವ ಹೆಸರಿಗೆ ಬೆಲೆ ಉಳಿದಿರುವುದಿಲ್ಲ. ಒಮ್ಮೆ ಊದಿ, ಬಂದ ಕ್ಷಣವೇ ಒಳ್ಳೆಯ ತಿನಿಸು ಕೊಡಿ. ವಾರ ಕಳೆದ ಮೇಲೆ ಅಂಗಳದಲ್ಲಿ, ಆಮೇಲೆ 10 ಮೀಟರ್ ಹಗ್ಗ ಕಟ್ಟಿ ಮೈದಾನದಲ್ಲಿ ಮಾಡಿಸಿ. ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗಲ್ಲ. ಕೊರಳಿಗೆ ಕಟ್ಟಿದರೆ, ಓಡುತ್ತಾ ಹಗ್ಗದ ಕೊನೆ ಮುಟ್ಟಿ ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಬಾರದಿದ್ದರೆ ಮತ್ತೆ ಮತ್ತೆ ಊದದೆ ನೀವೇ ಅದರಿಂದ ದೂರಕ್ಕೆ ಓಡಿ, ಅದು ಬೆನ್ನಟ್ಟಿ ಬರುತ್ತದೆ. ತಡವಾಗಿ ಬಂದರೂ ಗದರಬೇಡಿ. ಬಂದಾಗಲೆಲ್ಲ ಚೈನು ಹಾಕಿ ಮನೆಗೆ ಎಳೆದೊಯ್ದರೆ, ಸೀಟಿ ಎಂದರೆ ಆಟ ಮುಗಿಯಿತು ಎಂದು ನಾಯಿ ತಿಳಿದುಕೊಳ್ಳುತ್ತದೆ. 10 ಸಲ ಕರೆದರೆ 9 ಸಲ ತಿನಿಸು ಕೊಟ್ಟು ಮತ್ತೆ ಓಡಲು ಬಿಡಿ.